ಮುಚ್ಚಿಹೋದ ಕೆಮಾರ್ಟ್‌ನ ನೆನಪು ಬರೆದಿಡುವುದು ಹೇಗೆ

ಎಂಬತ್ತು, ತೊಂಬತ್ತರ ದಶಕದಲ್ಲಿ ಅಮೆರಿಕದಲ್ಲಿ ಬೆಳೆದ ಕನ್ನಡದವರ ಮಧ್ಯೆ, ಆ ದೇಶದ ತುಂಬ ಇದ್ದ ಕಡಿಮೆ ಬೆಲೆಯ ದೊಡ್ಡ ಅಂಗಡಿಗಳ ಸರಣಿ ಕೆಮಾರ್ಟ್ ಹೆಸರು ಎತ್ತಿ ನೋಡಿ. ಪಾಪ್‌ಕಾರ್ನ್ ವಾಸನೆ, ನೀಲಿ ದೀಪ, ದೊಡ್ಡ ಕೆಂಪು ಕೆ ಅಕ್ಷರ ಅಂತ ಎಲ್ಲರೂ ಒಟ್ಟಿಗೆ ಶುರು ಮಾಡುತ್ತಾರೆ. ಅದನ್ನೇ ಬರೆಯಲು ಕೂತರೆ ಅರ್ಧ ಪುಟಕ್ಕೆ ಸರಕು ಖಾಲಿ. ಯಾಕಂದರೆ ನಮ್ಮ ತಲೆಯಲ್ಲಿರುವುದು ಮಗುವಿನ ಪಾಲು ಮಾತ್ರ. ದುಡ್ಡು ಎಣಿಸಿದವರ ಪಾಲು ಅಮ್ಮ ಅಪ್ಪನ ಹತ್ತಿರ ಇದೆ. ಎರಡನ್ನೂ ಸೇರಿಸಿ ಬರೆಯಬೇಕು. ಅವರಿಗೆಲ್ಲ ಈಗ ಎಂಬತ್ತರ ಆಸುಪಾಸು. ಅದಕ್ಕೇ ಇದನ್ನು ಈ ವರ್ಷವೇ ಮಾಡಿ ಅಂತ ಕೇಳಿಕೊಳ್ಳುತ್ತೇನೆ. ನಾನು ಮಾಡಿದ ಕ್ರಮ ಇಲ್ಲಿದೆ.

ಮೊದಲು ಯಾವ ಅಂಗಡಿ ಅಂತ ಗಟ್ಟಿ ಮಾಡಿಕೊಳ್ಳಿ. 2002ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿದಾಗಲೂ ಕೆಮಾರ್ಟ್‌ಗೆ ಎರಡು ಸಾವಿರಕ್ಕೂ ಜಾಸ್ತಿ ಅಂಗಡಿಗಳಿದ್ದವು. ಹಾಗಾಗಿ ರಸ್ತೆ ಯಾವುದು, ಪಕ್ಕದಲ್ಲಿ ಏನಿತ್ತು, ಮನೆಯಿಂದ ಯಾವ ಸಿಗ್ನಲ್ಲಿನಲ್ಲಿ ತಿರುಗುತ್ತಿದ್ದಿರಿ ಅಂತ ಬರೆದುಕೊಳ್ಳಿ. ನಮ್ಮದು ಮಿಷಿಗನ್, ಡೆಟ್ರಾಯ್ಟ್ ಪಕ್ಕ. ಕೆಮಾರ್ಟ್ ಹುಟ್ಟಿದ್ದೂ ಅಲ್ಲೇ. ಡೆಟ್ರಾಯ್ಟಿನ ಹಳೆಯ ಎಸ್. ಎಸ್. ಕ್ರೆಸ್ಗಿ ಕಂಪನಿ 1962ರ ಮಾರ್ಚ್ 1ರಂದು ಗಾರ್ಡನ್ ಸಿಟಿಯಲ್ಲಿ ಮೊದಲ ಕೆಮಾರ್ಟ್ ತೆರೆಯಿತು. ಮುಖ್ಯ ಕಚೇರಿ ಟ್ರಾಯ್ ಊರಿನ ಬಿಗ್ ಬೀವರ್ ರಸ್ತೆಯಲ್ಲಿತ್ತು. ಅಪ್ಪ ಕಾರಿನಲ್ಲಿ ಹೋಗುವಾಗ ಅದನ್ನು ತೋರಿಸಿ ‘ನೋಡ್ರೋ, ಇಲ್ಲೇ ಕೂತು ಇಡೀ ದೇಶದ ಅಂಗಡಿ ನಡೆಸ್ತಾರೆ’ ಅಂತಿದ್ದರು.

ವಿಳಾಸ ಸಿಕ್ಕ ಮೇಲೆ ಗೂಗಲ್ ಸ್ಟ್ರೀಟ್ ವ್ಯೂ (ಗೂಗಲ್ ನಕ್ಷೆಯಲ್ಲಿ ರಸ್ತೆಯ ಚಿತ್ರ ತೋರಿಸುವ ಸೌಲಭ್ಯ) ತೆಗೆದು ಹಳೆಯ ದಿನಾಂಕಗಳ ಚಿತ್ರ ನೋಡಿ. ಆ ಚಿತ್ರಗಳು ಶುರುವಾದ 2007ರ ನಂತರ ಮುಚ್ಚಿದ ಅಂಗಡಿಯಾದರೆ ಬೋರ್ಡಿನ ಸಮೇತ ಸಿಗಬಹುದು. ಅದಕ್ಕೂ ಮುಂಚೆ ಮುಚ್ಚಿದ್ದರೆ ಆ ಊರಿನ ಪಬ್ಲಿಕ್ ಲೈಬ್ರರಿಗೆ ಹೋಗಿ ಹಳೆಯ ಪತ್ರಿಕೆಯ ಮೈಕ್ರೋಫಿಲ್ಮ್ (ಪುಟಗಳನ್ನು ಸಣ್ಣದಾಗಿ ಚಿತ್ರ ತೆಗೆದಿಟ್ಟ ಫಿಲ್ಮ್ ಸುರುಳಿ) ಕೇಳಿ. ಭಾನುವಾರದ ಪತ್ರಿಕೆಯ ಒಳಗೆ ಸೇರಿಸಿ ಕಳಿಸುತ್ತಿದ್ದ ಬಣ್ಣದ ಹಾಳೆಗಳನ್ನು ಎಲ್ಲರೂ ಉಳಿಸಿಟ್ಟಿಲ್ಲ. ಆದರೆ ಪುಟದಲ್ಲೇ ಅಚ್ಚಾದ ಜಾಹೀರಾತು ಇರುತ್ತದೆ, ಬೆಲೆ ಸಮೇತ. ಒಂದು ಎಚ್ಚರಿಕೆ. ಆಸ್ಟ್ರೇಲಿಯಾದಲ್ಲಿ ಕೆಮಾರ್ಟ್ ಇನ್ನೂ ಚೆನ್ನಾಗಿ ನಡೆಯುತ್ತಿದೆ. ಈಗ ಅದು ಬೇರೆಯದೇ ಕಂಪನಿ. ನೆಟ್‌ನಲ್ಲಿ ಹುಡುಕಿದರೆ ಎರಡೂ ಕಲಸಿಕೊಂಡು ಬರುತ್ತವೆ, ಹಾಗಾಗಿ ನಿಮ್ಮ ರಾಜ್ಯದ ಹೆಸರು ಸೇರಿಸಿ ಹುಡುಕಿ.

ಆಮೇಲೆ ನಕ್ಷೆ ಬರೆಯಿರಿ. ಈ ಹೆಜ್ಜೆಯನ್ನು ಬಿಡಬೇಡಿ, ನನಗೆ ಅತಿ ಹೆಚ್ಚು ನೆನಪು ಕೊಟ್ಟದ್ದು ಇದೇ. ಚೌಕುಳಿ ಹಾಳೆ ತಗೊಂಡು ಬಾಗಿಲು ಬರೆಯಿರಿ. ಸಾಮಾನು ತುಂಬಿ ತಳ್ಳುವ ಗಾಡಿಗಳ ಸಾಲು ಯಾವ ಕಡೆ ಇತ್ತು? ಅಲ್ಲಿಂದ ಅಮ್ಮ ಯಾವ ಕಡೆ ತಿರುಗುತ್ತಿದ್ದಳು? ಅವಳು ನಡೆದ ದಾರಿಯನ್ನೇ ಪೆನ್ಸಿಲಿನಲ್ಲಿ ಹಿಡಿಯಿರಿ. ಕಟ್ಟಡದ ಅಳತೆ ಸರಿಯಿರಬೇಕಾಗಿಲ್ಲ. ದಾರಿ ಸರಿಯಿದ್ದರೆ ಒಂದೊಂದು ತಿರುವಿನಲ್ಲೂ ಒಂದೊಂದು ವಸ್ತು ತಾನಾಗಿಯೇ ಬರುತ್ತದೆ. ನಮ್ಮ ಅಮ್ಮ ಬಲಕ್ಕೆ ತಿರುಗುತ್ತಿದ್ದಳು. ಎಡಗಡೆ ತಿಂಡಿಯ ಕೌಂಟರು. ಅಲ್ಲಿನ ಸ್ಯಾಂಡ್‌ವಿಚ್‌ನಲ್ಲಿ ಮಾಂಸ ಇರುತ್ತಿತ್ತು, ನಮ್ಮ ಮನೆಯವರಿಗೆ ಆಗದು. ತಮ್ಮನಿಗೂ ನನಗೂ ಸಲ್ಲುತ್ತಿದ್ದದ್ದು ಪಾಪ್‌ಕಾರ್ನ್ ಮತ್ತು ಐಸೀ (ಪುಡಿ ಐಸಿನ ಸಿಹಿ ಪಾನೀಯ) ಎರಡೇ. ಬಿಲ್ಲು ಕಟ್ಟಿದ ಮೇಲೆ ಚಿಲ್ಲರೆ ಉಳಿದರೆ ಮಾತ್ರ. ಆದ್ದರಿಂದ ಒಳಗೆ ಬರುತ್ತಲೇ ಅತ್ತ ನೋಡಬಾರದು ಅಂತ ಅಮ್ಮ ನಮ್ಮಿಬ್ಬರ ಕೈ ಹಿಡಿದು ಬಟ್ಟೆಯ ಕಡೆ ಸರಸರ ಹೋಗುತ್ತಿದ್ದಳು. ನಕ್ಷೆ ಬರೆಯುವ ತನಕ ಆ ಬಲಕ್ಕೆ ತಿರುಗುವ ಕಾರಣ ನನಗೆ ಹೊಳೆದೇ ಇರಲಿಲ್ಲ.

ಬಟ್ಟೆ ಆದ ಮೇಲೆ ಪಾತ್ರೆ, ಪ್ಲಾಸ್ಟಿಕ್ ಬಕೆಟ್ಟು. ಬಚ್ಚಲಿಗೆ ಚೊಂಬಿನ ಬದಲು ಅಳತೆಯ ಪ್ಲಾಸ್ಟಿಕ್ ಮಗ್ಗು. ಹಿಂದಿನ ಗೋಡೆಯ ಹತ್ತಿರ ಗೋಲ್ಡ್‌ಫಿಶ್, ಪಂಜರದಲ್ಲಿ ಗಿಳಿಯಂಥ ಸಣ್ಣ ಹಕ್ಕಿಗಳು. ನಮ್ಮನ್ನು ಅಲ್ಲಿ ನಿಲ್ಲಿಸಿ ಅಮ್ಮ ಬೇಕಾದ್ದು ಹುಡುಕುತ್ತಿದ್ದಳು. ನಿಮ್ಮ ನಕ್ಷೆಯಲ್ಲೂ ಹೀಗೆ ಮಕ್ಕಳನ್ನು ನಿಲ್ಲಿಸುವ ಒಂದು ಜಾಗ ಇದ್ದೇ ಇರುತ್ತದೆ. ಅದನ್ನು ಗುರುತು ಹಾಕಿ.

ನೀಲಿ ದೀಪದ ಬಗ್ಗೆ ಬರೆಯುವಾಗ ವರ್ಷ ನೋಡಿಕೊಳ್ಳಿ. ಬ್ಲೂ ಲೈಟ್ ಸ್ಪೆಷಲ್ ಶುರುವಾದದ್ದು 1965ರಲ್ಲಿ. ಕೆಲಸದವರು ಪೊಲೀಸ್ ಗಾಡಿಯ ಮೇಲಿರುವಂಥ ದೀಪವನ್ನು ಒಂದು ಕಂಬಕ್ಕೆ ಕಟ್ಟಿ ತಳ್ಳಿಕೊಂಡು ಬಂದು, ಮೈಕಿನಲ್ಲಿ ‘ಅಟೆನ್ಷನ್ ಕೆಮಾರ್ಟ್ ಷಾಪರ್ಸ್’ ಅಂತ ಕೂಗಿ, ಸ್ವಲ್ಪ ಹೊತ್ತಿಗೆ ಮಾತ್ರ ಬೆಲೆ ಇಳಿಸುತ್ತಿದ್ದರು. 1991ರಲ್ಲಿ ಅದನ್ನು ನಿಲ್ಲಿಸಿದರು. 2001ರಲ್ಲಿ ಮತ್ತೆ ತಂದರು. ನಡುವಿನ ಹತ್ತು ವರ್ಷದಲ್ಲಿ ನಿಮ್ಮ ಬಾಲ್ಯ ಕಳೆದಿದ್ದರೆ, ನೀಲಿ ದೀಪ ನೀವೇ ನೋಡಿದ್ದೋ ಅಣ್ಣ ಅಕ್ಕ ಹೇಳಿದ್ದೋ ಅಂತ ಒಮ್ಮೆ ಕೇಳಿಕೊಳ್ಳಿ. ಕೇಳಿದ ಮಾತಾದರೆ ಹಾಗೆಂದೇ ಬರೆಯಿರಿ. ಅದೂ ಮನೆಯ ನೆನಪೇ ಅಲ್ವಾ?

ಬೋರ್ಡೂ ವರ್ಷ ಹೇಳುತ್ತದೆ. ಕೆಂಪು ಕೆ ಪಕ್ಕದಲ್ಲಿ ಹಸಿರು-ನೀಲಿ ಬಣ್ಣದ ‘ಮಾರ್ಟ್’ ಇದ್ದರೆ ಅದು ಹಳೆಯದು. ದೊಡ್ಡ ಕೆಂಪು ಕೆ ಒಳಗೇ ಬಿಳಿ ಅಕ್ಷರದಲ್ಲಿ ‘ಮಾರ್ಟ್’ ಬರೆದಿದ್ದರೆ ಅದು 1990ರ ನಂತರದ್ದು. ಬಟ್ಟೆಗೆ ಹೊಲಿದ ಲೇಬಲ್ಲಿನಲ್ಲಿ ನಟಿ ಜಾಕ್ಲಿನ್ ಸ್ಮಿತ್ ಹೆಸರಿದ್ದರೆ 1985ಕ್ಕಿಂತ ಹಿಂದಿನದಲ್ಲ.

ಇನ್ನು ಶಬ್ದ. ಇದಕ್ಕೊಂದು ಒಳ್ಳೆಯ ದಾರಿ ಇದೆ. ಇಲಿನಾಯ್ ರಾಜ್ಯದ ನೇಪರ್‌ವಿಲ್‌ನ ಕೆಮಾರ್ಟ್‌ನಲ್ಲಿ ಕೆಲಸ ಮಾಡುತ್ತಿದ್ದವರೊಬ್ಬರು, ಅಂಗಡಿಯಲ್ಲಿ ಹಾಕುತ್ತಿದ್ದ ಕ್ಯಾಸೆಟ್ಟುಗಳನ್ನು ಎಸೆಯದೆ ಮನೆಯಲ್ಲಿಟ್ಟುಕೊಂಡಿದ್ದರು. 2015ರಲ್ಲಿ ಅವನ್ನೆಲ್ಲ ಹಳೆಯ ದಾಖಲೆ ಕೂಡಿಡುವ ಜಾಲತಾಣ ಇಂಟರ್ನೆಟ್ ಆರ್ಕೈವ್‌ಗೆ ಹಾಕಿದರು. ಆ ಜಾಲತಾಣದಲ್ಲಿ ‘ಅಟೆನ್ಷನ್ ಕೆಮಾರ್ಟ್ ಷಾಪರ್ಸ್’ ಅಂತ ಹುಡುಕಿ. ಎಂಬತ್ತರ ದಶಕದ ಕೊನೆಯಿಂದ ತೊಂಬತ್ತರ ಮೊದಲ ವರ್ಷಗಳದ್ದು. ಮೊದಮೊದಲು ತಿಂಗಳಿಗೊಂದು ಕ್ಯಾಸೆಟ್ಟು ಬರುತ್ತಿತ್ತು, ಆಮೇಲೆ ವಾರಕ್ಕೊಂದು. ಹಳೆಯವುಗಳಲ್ಲಿ ಮಾತಿಲ್ಲದ ವಾದ್ಯದ ಹಾಡು, ನಡುನಡುವೆ ಜಾಹೀರಾತು. ದಿನವಿಡೀ ತಿರುಗಿ ಸವೆದದ್ದರಿಂದ ಶಬ್ದ ಅಲ್ಲಲ್ಲಿ ಕುಗ್ಗುತ್ತದೆ. ಅಂಗಡಿಯಲ್ಲೂ ಅದು ಹಾಗೇ ಕೇಳಿಸುತ್ತಿತ್ತು.

ಅದನ್ನು ಇಯರ್‌ಫೋನಿನಲ್ಲಿ ಒಬ್ಬರೇ ಕೇಳಬೇಡಿ. ಅಮ್ಮ ಸೊಪ್ಪು ಬಿಡಿಸುತ್ತಲೋ ಬಟ್ಟೆ ಮಡಿಸುತ್ತಲೋ ಕೂತಿರುವಾಗ ಸಣ್ಣಗೆ ಹಾಕಿಬಿಡಿ. ಏನೂ ಕೇಳಬೇಡಿ. ನಾನು ಹಾಕಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ‘ಆ ಕೋಟಿನ ದುಡ್ಡು ಕಟ್ಟೋಕೆ ಸಾಲಲ್ಲಿ ನಿಂತಾಗ ಇದೇ ಹಾಕ್ತಿದ್ರು ಕಣೆ’ ಅಂದಳು. ಯಾವ ಕೋಟು ಅಂತ ನನಗೆ ಗೊತ್ತಾಗಲಿಲ್ಲ. ಆ ಒಂದು ಮಾತಿನಿಂದ ಒಂದು ಅಧ್ಯಾಯವೇ ಬಂತು.

ಕೆಮಾರ್ಟ್‌ನಲ್ಲಿ ಲೇಅವೇ ಅಂತ ಒಂದು ಪದ್ಧತಿ ಇತ್ತು. ಬೇಕಾದ ವಸ್ತು ಆರಿಸಿ, ಸ್ವಲ್ಪ ಮುಂಗಡ ಕಟ್ಟಿದರೆ ಅವರು ಅದನ್ನು ಹಿಂದಿನ ಕೋಣೆಯಲ್ಲಿ ಎತ್ತಿಡುತ್ತಿದ್ದರು. ಕಂತು ಕಂತಾಗಿ ಕಟ್ಟಿ, ಪೂರ್ತಿ ತೀರಿದ ಮೇಲೆ ಮನೆಗೆ ತರಬಹುದು. ಬಡ್ಡಿ ಇಲ್ಲ. ಕ್ರೆಡಿಟ್ ಕಾರ್ಡು ಇಲ್ಲದ, ಸಾಲ ಅಂದರೆ ಹೆದರುವ ನಮ್ಮಂಥ ಮನೆಗಳಿಗೆ ಇದು ದೊಡ್ಡ ಆಸರೆ. ಅಮ್ಮನ ಹಳೆಯ ಲೆಕ್ಕದ ಪುಸ್ತಕ ತೆಗೆಸಿದೆ. ಸುರುಳಿ ತಂತಿಯ ಅರವತ್ತು ಪುಟದ ಪುಸ್ತಕ, ಅಂಚಿನಲ್ಲಿ ಅರಿಶಿನದ ಬೆರಳ ಗುರುತು. ಹಾಲು, ಮೊಸರು, ಪೆಟ್ರೋಲು, ಊರಿಗೆ ಏರೋಗ್ರಾಮ್. ಅವುಗಳ ನಡುವೆ ಸೆಪ್ಟೆಂಬರಿನಿಂದ ‘ಕೆ.ಮಾ. ಕೋಟು 5’ ಅಂತ ಸಂಬಳದ ಶುಕ್ರವಾರಗಳಲ್ಲಿ ಮಾತ್ರ ಬರುತ್ತದೆ. ನವೆಂಬರಿನಲ್ಲಿ ಕೊನೆಯ ಸಾಲು. ಕೆಳಗೆ ಎರಡು ಗೀಟು ಎಳೆದು ‘ತಂದದ್ದು’ ಅಂತ ಬರೆದಿದ್ದಾಳೆ. ನನ್ನ ತಲೆಯಲ್ಲಿದ್ದದ್ದು ಹಿಮ ಬಿದ್ದ ಬೆಳಿಗ್ಗೆ ಹೊಸ ಕೆಂಪು ಕೋಟು ಹಾಕಿಕೊಂಡು ಸ್ಕೂಲ್ ಬಸ್ಸಿಗೆ ಓಡಿದ್ದು ಅಷ್ಟೇ. ಅದರ ಹಿಂದಿನ ಎರಡು ತಿಂಗಳು ಪೂರ್ತಿ ಅಮ್ಮನದು.

ಆದ್ದರಿಂದ ಅಮ್ಮನನ್ನು ‘ನಿನಗೆ ನೆನಪಿದೆಯಾ?’ ಅಂತ ಕೇಳಬೇಡಿ. ‘ಇಲ್ಲಪ್ಪ’ ಅಂತ ಬಂದರೆ ಅಲ್ಲಿಗೆ ಮುಗಿಯಿತು. ಹಣದ ಮೇಲೆ ಕೇಳಿ, ಕೈಕೆಲಸದ ಮೇಲೆ ಕೇಳಿ. ಮೊದಲ ಸಲ ಯಾರ ಕಾರಿನಲ್ಲಿ ಹೋದೆ? ಬೆಲೆಯನ್ನು ರೂಪಾಯಿಗೆ ಗುಣಿಸಿ ನೋಡುತ್ತಿದ್ದೆಯಾ, ಅದು ಯಾವಾಗ ನಿಂತಿತು? ವಾಪಸ್ ಕೊಟ್ಟದ್ದು ಏನು? ಕೊನೆಯಲ್ಲಿ ಇದನ್ನು ಕೇಳಿ: ನೋಡಿ ನೋಡಿ ಕೊಳ್ಳದೇ ಬಂದದ್ದು ಯಾವುದು? ನನ್ನಮ್ಮ ಹೇಳಿದ್ದು, ‘ನನಗೂ ಒಂದು ಕೋಟು ನೋಡಿಟ್ಟಿದ್ದೆ, ನೀಲಿದು. ಸ್ವೆಟರ್ ಮೇಲೆ ಅಪ್ಪನ ಹಳೇ ಜಾಕೆಟ್ ಹಾಕ್ಕೊಂಡ್ರೆ ಆಗತ್ತೆ ಬಿಡು ಅನ್ನಿಸ್ತು.’ ಫೋನಿನಲ್ಲಿ ರೆಕಾರ್ಡ್ ಮಾಡುವ ಮುಂಚೆ ಒಪ್ಪಿಗೆ ಕೇಳಿ. ಟೀವಿ ಆರಿಸಿ. ಮಧ್ಯೆ ಬಾಯಿ ಹಾಕಬೇಡಿ, ನಿಮಗೆ ಗೊತ್ತಿರುವ ವಿಷಯವಾದರೂ. ಮುಕ್ಕಾಲು ಗಂಟೆಗಿಂತ ಜಾಸ್ತಿ ಕೂರಿಸಬೇಡಿ, ವಯಸ್ಸಾದವರಿಗೆ ಆಯಾಸವಾಗುತ್ತದೆ.

ಊರಿನ ಬೀರುಗಳನ್ನು ಮರೆಯಬೇಡಿ. ರಜೆಗೆ ಇಂಡಿಯಾಕ್ಕೆ ಹೊರಡುವ ಮುಂಚಿನ ವಾರಗಳಲ್ಲಿ ಕೆಮಾರ್ಟ್‌ಗೆ ಹೋಗದ ಕನ್ನಡದ ಮನೆ ನಮ್ಮ ಸುತ್ತಮುತ್ತ ಇರಲಿಲ್ಲ. ಟವಲ್ಲು, ಉಗುರು ಕತ್ತರಿ, ಬಾಲ್ ಪೆನ್ನು, ಬ್ಯಾಟರಿ, ಸೋಪು, ಚಿಕ್ಕಪ್ಪನಿಗೆ ರೇಜರು, ಅತ್ತೆಗೆ ಸೆಂಟು. ಬಾತ್‌ರೂಮಿನ ತೂಕದ ಯಂತ್ರದ ಮೇಲೆ ಅಪ್ಪ ಸೂಟ್‌ಕೇಸ್ ಹಿಡಿದು ನಿಂತು, ಆಮೇಲೆ ಬರಿಗೈಯಲ್ಲಿ ನಿಂತು, ಕಳೆದು ಲೆಕ್ಕ ಹಾಕುತ್ತಿದ್ದರು. ಆ ಸಾಮಾನು ಅರ್ಧಕ್ಕರ್ಧ ಮೈಸೂರಿನಲ್ಲಿ ಈಗಲೂ ಇದೆ! ನಮ್ಮ ಕಡೆಯವರು ಫಾರಿನ್ ವಸ್ತು ಬಳಸುವುದಿಲ್ಲ, ಎತ್ತಿಡುತ್ತಾರೆ. ದೊಡ್ಡಮ್ಮನ ಗೋದ್ರೇಜ್ ಬೀರುವಿನಲ್ಲಿ ಬೆಲೆಯ ಚೀಟಿ ಕೀಳದ ಟವಲ್ಲು ಸಿಕ್ಕಿತು. ನಿಮ್ಮ ಊರಿಗೆ ಫೋನ್ ಮಾಡಿ, ಚೀಟಿಯ ಫೋಟೋ ಹತ್ತಿರದಿಂದ ತೆಗೆದು ವಾಟ್ಸಾಪ್ ಮಾಡಲು ಹೇಳಿ. ಆಗ ಕಳಿಸಿದ ಫೋಟೋಗಳ ಹಿಂಭಾಗವನ್ನೂ ನೋಡಲು ಹೇಳಿ. ಅಮ್ಮನೋ ಅಪ್ಪನೋ ತಾರೀಖು ಬರೆದಿರುತ್ತಾರೆ. ಫೋಕಲ್ ಅನ್ನುವುದು ಕೆಮಾರ್ಟ್‌ನದೇ ಫಿಲ್ಮ್ ಬ್ರಾಂಡು, ಹಳೆಯ ಡಬ್ಬಿಯ ಮೇಲೆ ಆ ಹೆಸರು ಸಿಕ್ಕರೆ ಅದೂ ಅಲ್ಲಿಂದಲೇ ಬಂದದ್ದು.

ಸಿಕ್ಕಿದ್ದನ್ನು ಕಾಪಾಡುವ ವಿಚಾರ. ಬಿಲ್ಲಿನ ಕಾಗದ ಉಗುರಿನಿಂದ ಗೀರಿದರೆ ಕಪ್ಪಗಾಗುವಂಥದ್ದಾದರೆ, ಅದರ ಅಕ್ಷರ ವರ್ಷದಿಂದ ವರ್ಷಕ್ಕೆ ಮಾಸುತ್ತದೆ. ಮೂಲೆಯಲ್ಲಿ ಸಣ್ಣಗೆ ಗೀರಿ ನೋಡಿ. ಸಿಕ್ಕ ದಿನವೇ ಸ್ಕ್ಯಾನ್ ಮಾಡಿ. ಲ್ಯಾಮಿನೇಷನ್ ಮಾಡಿಸಲೇಬೇಡಿ, ಬಿಸಿಗೆ ಇಡೀ ಬಿಲ್ಲು ಕಪ್ಪಾಗಿಬಿಡುತ್ತದೆ. ಮೆತ್ತನೆ ಪ್ಲಾಸ್ಟಿಕ್ ಕವರಿನಲ್ಲೂ ಇಡಬೇಡಿ, ಕಾಗದದ ಲಕೋಟೆ ಸಾಕು. ಫೋಟೋ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ, ಹಿಂಭಾಗವನ್ನೂ ಸೇರಿಸಿ. ಫೈಲಿನ ಹೆಸರಿನಲ್ಲಿ ಮೊದಲು ವರ್ಷ, ಆಮೇಲೆ ಊರು, ಆಮೇಲೆ ವಸ್ತು.

ಬರೆಯುವಾಗ ನಿಮ್ಮ ನೆನಪಿಗೂ ಅಮ್ಮನ ಮಾತಿಗೂ ತಾಳೆಯಾಗದಿದ್ದರೆ ಎರಡನ್ನೂ ಇಡಿ. ಕೋಟು ಕೆಂಪು ಅಂತ ನಾನು, ಮೆರೂನ್ ಅಂತ ಅಮ್ಮ, ತಮ್ಮನಿಗೆ ಕೋಟೇ ನೆನಪಿಲ್ಲ. ಮೂರೂ ಬರೆದಿದ್ದೇನೆ. ‘ಆ ಕಾಲವೇ ಚೆನ್ನಾಗಿತ್ತು’ ಎಂಬ ಸಾಲು ಬಂದರೆ ಹೊಡೆದುಹಾಕಿ, ಅದರ ಜಾಗದಲ್ಲಿ ಒಂದು ಬೆಲೆಯೋ ಒಂದು ಮಾತೋ ಬರೆಯಿರಿ. ಅಂಗಡಿಯ ಕಥೆಗೆ ನಾಲ್ಕು ಸಾಲು ಸಾಕು: 1962ರಲ್ಲೇ ವಾಲ್‌ಮಾರ್ಟ್, ಟಾರ್ಗೆಟ್ ಎಂಬ ಇಂಥವೇ ಅಂಗಡಿಗಳು ಕೂಡ ಶುರುವಾದವು, ಅವೆರಡೂ ಮುಂದೆ ಹೋದವು. 2005ರಲ್ಲಿ ಕೆಮಾರ್ಟ್ ಸಿಯರ್ಸ್ ಎಂಬ ಇನ್ನೊಂದು ಹಳೆಯ ಅಂಗಡಿ ಸರಣಿಯ ಜೊತೆ ಸೇರಿತು, 2018ರಲ್ಲಿ ಆ ಜೋಡಿ ಕಂಪನಿಯೂ ದಿವಾಳಿ. ಅಮೆರಿಕದ ಮುಖ್ಯ ಭೂಭಾಗದಲ್ಲಿ ಪೂರ್ಣ ಗಾತ್ರದ ಕೊನೆಯ ಕೆಮಾರ್ಟ್, ನ್ಯೂಯಾರ್ಕ್ ರಾಜ್ಯದ ಬ್ರಿಡ್ಜ್‌ಹ್ಯಾಂಪ್ಟನ್‌ನದು, 2024ರ ಅಕ್ಟೋಬರ್‌ನಲ್ಲಿ ಬಾಗಿಲು ಹಾಕಿತು. ಈ ವಿವರ ಎಲ್ಲಿ ಬೇಕಾದರೂ ಸಿಗುತ್ತದೆ. ಅಲ್ಲಿ ಸೀರೆಯ ಮೇಲೆ ಗಂಡನ ಜಾಕೆಟ್ ಹಾಕಿಕೊಂಡು ಸಾಲಿನಲ್ಲಿ ನಿಂತ ಕನ್ನಡದ ಹೆಣ್ಣುಮಕ್ಕಳ ವಿವರ ನಿಮ್ಮ ಮನೆಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

ಮುಗಿದ ಮೇಲೆ ಮೂರು ಪ್ರತಿ ಮಾಡಿಸಿ. ಒಂದು ಅಮ್ಮನಿಗೆ, ದಪ್ಪ ಅಕ್ಷರದಲ್ಲಿ ಪ್ರಿಂಟ್ ಮಾಡಿಸಿ. ಒಂದನ್ನು ನಿಮ್ಮೂರಿನ ಕನ್ನಡ ಕೂಟದ ಸ್ಮರಣ ಸಂಚಿಕೆಗೆ ಕೊಡಿ. ಇನ್ನೊಂದನ್ನು ಅಂಗಡಿ ಇದ್ದ ಊರಿನ ಲೈಬ್ರರಿಯ ಸ್ಥಳೀಯ ಇತಿಹಾಸ ವಿಭಾಗಕ್ಕೆ ಕೊಟ್ಟು ನೋಡಿ. ಕನ್ನಡದಲ್ಲಿದ್ದರೆ ಒಂದು ಪುಟದ ಇಂಗ್ಲಿಷ್ ಸಾರಾಂಶ ಜೊತೆಗಿಡಿ. ನಕ್ಷೆಯ ಪ್ರತಿ ಮಾತ್ರ ತಪ್ಪದೆ ಸೇರಿಸಿ, ಅದನ್ನು ಓದಲು ಭಾಷೆ ಬೇಡ.