ಕಡುಗಪ್ಪು ಬಣ್ಣಗಳಿಗೆ ಟಾರ್ಚ್ ಹಿಡಿದು ನೋಡಿದಾಗ

ದಾರಿತಪ್ಪಿ ಒಳಬರುವ ಬೆಳಕು ಪ್ರತಿಫಲಿಸದಂತೆ ನನ್ನ ದೂರದರ್ಶಕದ ಕೊಳವೆಯ ಒಳಮೈಗೆ ಬಳಿಯಲು ಒಳ್ಳೆಯ ಕಪ್ಪು ಬಣ್ಣವೊಂದನ್ನು ಆರಿಸಬೇಕಾಗಿತ್ತು. ಹೊಳಪಿಲ್ಲದ ಸಾಮಾನ್ಯ (ಮ್ಯಾಟ್) ಕಪ್ಪು, ಮುಸೋ ಬ್ಲ್ಯಾಕ್ ಎಂಬ ಕಡುಗಪ್ಪು ಬಣ್ಣ ಮತ್ತು ಕಪ್ಪು ಮಖಮಲ್ಲು, ಈ ಮೂರೂ ಕೋಣೆಯ ಬೆಳಕಿನಲ್ಲಿ ಹೆಚ್ಚುಕಡಿಮೆ ಒಂದೇ ಆಗಿ ಕಂಡದ್ದರಿಂದ, ಮೂರು ತಗಡಿನ ತುಂಡುಗಳ ಮೇಲೆ ಅವನ್ನು ಹಚ್ಚಿ, ಅಂಟಿಸಿ, 3000 ಲ್ಯೂಮೆನ್ ಟಾರ್ಚ್ ಹಿಡಿದು ನೋಡಿದೆ.

ಲೆಕ್ಕ ಸರಳವಾಗಿದೆ. ಶೇ. 5ರಷ್ಟು ಬೆಳಕನ್ನು ಹಿಂದಿರುಗಿಸುವ ಬಣ್ಣದಿಂದ 150 ಲ್ಯೂಮೆನ್ ಮರಳುತ್ತದೆ, ಶೇ. 99.4ರಷ್ಟನ್ನು ಹೀರುತ್ತದೆಂದು ತಯಾರಕರು ಹೇಳುವ ಮುಸೋ ಬ್ಲ್ಯಾಕ್‌ನಿಂದ 18 ಮಾತ್ರ. ಶೇ. 99.965ರಷ್ಟು ಹೀರುವ, ಇಂಗಾಲದ ಅತಿಸೂಕ್ಷ್ಮ ನಳಿಕೆಗಳ ಲೇಪನವಾದ ವ್ಯಾಂಟಾಬ್ಲ್ಯಾಕ್ ಆಗಿದ್ದರೆ ಒಂದೇ ಲ್ಯೂಮೆನ್ ಉಳಿಯುತ್ತಿತ್ತು, ಆದರೆ ಅದು ಡಬ್ಬಿಯಲ್ಲಿ ಕೊಂಡು ಬ್ರಷ್‌ನಿಂದ ಬಳಿಯುವಂಥದ್ದಲ್ಲ.

ಮೊದಲ ದಿನದ ಫೋಟೋಗಳೆಲ್ಲ ವ್ಯರ್ಥವಾದವು. ಕಪ್ಪನ್ನು ಕಂಡೊಡನೆ ಫೋನಿನ ಕ್ಯಾಮೆರಾ ತಾನಾಗಿಯೇ ಎಕ್ಸ್‌ಪೋಶರ್ ಏರಿಸಿ, ಎಲ್ಲವನ್ನೂ ಬೂದು ಬಣ್ಣಕ್ಕೆ ತಿರುಗಿಸಿಬಿಟ್ಟಿತ್ತು. ಮರುದಿನ ಎಕ್ಸ್‌ಪೋಶರನ್ನು ಕೈಯಾರೆ ಸ್ಥಿರಗೊಳಿಸಿದ್ದಲ್ಲದೆ, ಒಳಗೆಲ್ಲ ಕಪ್ಪು ಬಳಿದ ಮುಚ್ಚಿದ ಪೆಟ್ಟಿಗೆಯೊಂದಕ್ಕೆ ಸಣ್ಣ ರಂಧ್ರ ಕೊರೆದು ತಗಡುಗಳ ಪಕ್ಕದಲ್ಲಿಟ್ಟೆ. ಒಳಹೊಕ್ಕ ಬೆಳಕು ಗೋಡೆಯಿಂದ ಗೋಡೆಗೆ ಪುಟಿದು ಅಲ್ಲೇ ಸವೆದುಹೋಗುವುದರಿಂದ ಆ ರಂಧ್ರಕ್ಕಿಂತ ಕಪ್ಪಾದದ್ದು ನನ್ನ ಮನೆಯಲ್ಲಿ ಬೇರೊಂದಿರಲಿಲ್ಲ. ಅದರ ಮುಂದೆ ಸಾಮಾನ್ಯ ಕಪ್ಪು ಇದ್ದಿಲಿನಂತೆ ಮಂಕಾಗಿ ಕಂಡಿತು. ಮುಸೋ ಬ್ಲ್ಯಾಕ್ ಮಾತ್ರ, ನೇರವಾಗಿ ಬೆಳಕು ಬಿಟ್ಟಾಗ, ರಂಧ್ರದ ಹತ್ತಿರಕ್ಕೆ ಬಂದಿತು. ಅದರ ಮೇಲೆ ಕುಳಿತಿದ್ದ ಧೂಳಿನ ಕಣಗಳಂತೂ ನಕ್ಷತ್ರಗಳಂತೆ ಮಿನುಗುತ್ತಿದ್ದವು. ಅವನ್ನು ಒರೆಸಲು ಹೋಗಿ ಹೆಬ್ಬೆರಳಿನಿಂದ ಉಜ್ಜಿದ್ದು ನನ್ನದೇ ತಪ್ಪು: ಬೆಳಕನ್ನು ಹಿಡಿದಿಡುವ ಸೂಕ್ಷ್ಮವಾದ ಉಬ್ಬುತಗ್ಗುಗಳು ನುಣುಪಾಗಿ, ಹೆಬ್ಬೆರಳಗಲದ ಹೊಳಪಿನ ಕಲೆಯೊಂದು ಶಾಶ್ವತವಾಗಿ ಉಳಿಯಿತು.

ನಿಜವಾದ ವ್ಯತ್ಯಾಸ ತಿಳಿದದ್ದು ಟಾರ್ಚನ್ನು ಓರೆಯಾಗಿ, ತಗಡಿಗೆ ಬಹುತೇಕ ಸಮಾನಾಂತರವಾಗಿ ಹಿಡಿದಾಗ. ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವ ಕೋನದಲ್ಲಿ ಎರಡು ಬಣ್ಣಗಳೂ ಸ್ಪಷ್ಟವಾಗಿ ಹೊಳೆದವು, ಆದರೆ ನೂಲುಗಳು ನೆಟ್ಟಗೆ ನಿಂತಿದ್ದ ಮಖಮಲ್ಲು ಕಪ್ಪಾಗಿಯೇ ಉಳಿಯಿತು. ಕೊಳವೆಯ ಗೋಡೆಗೆ ದಾರಿತಪ್ಪಿದ ಬೆಳಕು ತಾಗುವುದು ಹೆಚ್ಚಾಗಿ ಇಂತಹ ಓರೆಯಲ್ಲೇ ಆದ್ದರಿಂದ, ಡಬ್ಬಿಯ ಮೇಲಿನ ಶೇಕಡಾವಾರು ನನ್ನ ಕೆಲಸಕ್ಕೆ ಅಷ್ಟೇನೂ ಉಪಯೋಗಕ್ಕೆ ಬರಲಿಲ್ಲ.

ಕೊನೆಗೆ, ಸಡಿಲ ನೂಲುಗಳು ದೂರದರ್ಶಕದ ಕನ್ನಡಿಯ ಮೇಲೆ ಉದುರದಂತೆ ಅಂಟುಪಟ್ಟಿಯಿಂದ ಎರಡು ಬಾರಿ ಎತ್ತಿ ತೆಗೆದು, ಮಖಮಲ್ಲನ್ನೇ ಕೊಳವೆಯೊಳಗೆ ಅಂಟಿಸಿದೆ. ಮುಸೋ ಬ್ಲ್ಯಾಕನ್ನು ಬಟ್ಟೆ ಕೂರದ ಸಣ್ಣ ಕನ್ನಡಿಯ ಹಿಡಿಕೆಗೂ ತಿರುಪುಗಳ ತಲೆಗೂ ಬಳಿದೆ.