ಉಳಿದ ಮೀನು, ಒಡೆಯದ ಪ್ಯಾಟಿ

ಬೇಯಿಸಿದ ಮೀನು ಎರಡು ತುಂಡು ಉಳಿದರೆ ಅದಕ್ಕಿಂತ ದೊಡ್ಡ ತಲೆನೋವು ಅಡುಗೆಮನೆಯಲ್ಲಿ ಮತ್ತೊಂದಿಲ್ಲ. ಹಾಗೆಯೇ ಬಿಸಿಮಾಡಿದರೆ ಒಣಗಿ ನಾರಾಗುತ್ತದೆ, ಮನೆ ತುಂಬ ವಾಸನೆ ಬೇರೆ. ತಿನ್ನುವವರು ನಾಲ್ವರು, ಇರುವುದು ಎರಡು ತುಂಡು. ಹಂಚಿದರೆ ಜಗಳ, ಎಸೆದರೆ ಹೊಟ್ಟೆಯುರಿ. ನಾನು ಪ್ಯಾಟಿ ಮಾಡಲು ಹೊರಟದ್ದು ಈ ಇಕ್ಕಟ್ಟಿನಿಂದ. ಕೆಲವರು ಕಟ್ಲೆಟ್ ಎನ್ನುತ್ತಾರೆ. ಹೆಸರು ಏನಾದರೂ ಇರಲಿ, ಮೊದಲ ನಾಲ್ಕೈದು ಸಲ ನಾನು ಮಾಡಿದ್ದಕ್ಕೆ ಎರಡೂ ಹೆಸರು ಒಪ್ಪುತ್ತಿರಲಿಲ್ಲ.

ಮೊದಲನೆಯದು ಎಣ್ಣೆಗೆ ಬಿದ್ದ ಕೂಡಲೇ ಬಿಚ್ಚಿಕೊಂಡಿತು. ಮಗುಚಲು ಹೋದರೆ ಅರ್ಧ ಸಟ್ಟುಗದ ಮೇಲೆ, ಅರ್ಧ ಬಾಣಲೆಯ ತಳದಲ್ಲಿ. ಮಗಳು ಬಂದು ಇಣುಕಿ, "ಅಪ್ಪಾ, ಇವತ್ತು ಮೀನಿನ ಪಲ್ಯವೇ?" ಎಂದು ಕೇಳಿದಳು. ಹೌದೆಂದು ಹೇಳಿ ಪಲ್ಯವೆಂದೇ ಬಡಿಸಿದೆ. ಮುಂದಿನ ಸಲ ಹಟಕ್ಕೆ ಬಿದ್ದು ಎರಡು ಮೊಟ್ಟೆ ಒಡೆದು ಹಾಕಿದೆ. ಮಿಶ್ರಣ ಇನ್ನಷ್ಟು ತೆಳ್ಳಗಾಯಿತು. ಅದನ್ನು ಸರಿಪಡಿಸಲು ಮೈದಾ, ಮೈದಾ ಸಾಲದೆ ಮತ್ತಷ್ಟು ಮೈದಾ. ಕೊನೆಗೆ ಪ್ಯಾಟಿ ಒಡೆಯಲಿಲ್ಲ, ನಿಜ. ಆದರೆ ಪೆನ್ಸಿಲ್ ಗೆರೆ ಅಳಿಸುವ ರಬ್ಬರನ್ನು ಎಣ್ಣೆಯಲ್ಲಿ ಹುರಿದ ಹಾಗಿತ್ತು, ಮೀನಿನ ರುಚಿ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅಂಟು ಸಾಲದೆ ಒಡೆಯುತ್ತಿದೆ ಎಂದು ನಾನು ತಿಳಿದಿದ್ದೆ. ಒಡೆಯುತ್ತಿದ್ದದ್ದು ನೀರು ಹೆಚ್ಚಾಗಿ.

ನೀರು ಬರುತ್ತಿದ್ದ ಮೊದಲ ದಾರಿ ಆಲೂಗಡ್ಡೆ. ಬೇಗ ಬೇಯಲಿ ಎಂದು ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ ಕುದಿಸುತ್ತಿದ್ದೆ; ಪ್ರತಿಯೊಂದು ತುಂಡೂ ನೀರು ಕುಡಿದು ಊದಿಕೊಳ್ಳುತ್ತಿತ್ತು. ಈಗ ಸಿಪ್ಪೆ ಸಹಿತ, ಇಡಿಯಾಗಿ, ತಣ್ಣೀರಿನಲ್ಲಿಟ್ಟು ಬೇಯಿಸುತ್ತೇನೆ. ತಣ್ಣೀರಿನಿಂದ ಶುರುಮಾಡಿದರೆ ಹೊರಗೂ ಒಳಗೂ ಸಮವಾಗಿ ಬೇಯುತ್ತದೆ. ಬೆಂದ ಮೇಲೆ ಸಿಪ್ಪೆ ಸುಲಿದು, ಒರಟಾಗಿ ಮುರಿದು, ಒಣ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಒಂದೆರಡು ನಿಮಿಷ ಆಡಿಸುತ್ತೇನೆ. ಹಬೆ ಏಳುತ್ತದೆ, ತುಂಡುಗಳ ಅಂಚು ಬೆಳ್ಳಗೆ, ಪುಡಿಪುಡಿಯಾಗಿ ಕಾಣಿಸುತ್ತದೆ. ಆಗ ಬಿಸಿಯಿದ್ದಾಗಲೇ ಕೈಯಿಂದಲೋ ಚಮಚದ ಬೆನ್ನಿನಿಂದಲೋ ಹಿಸುಕಬೇಕು. ಒಮ್ಮೆ ಅವಸರದಲ್ಲಿ ಮಿಕ್ಸಿಗೆ ಹಾಕಿ ತಿರುಗಿಸಿದೆ. ಕಾಗದ ಅಂಟಿಸುವ ಗೋಂದು ಸಿದ್ಧವಾಯಿತು! ಬ್ಲೇಡಿನ ಹೊಡೆತಕ್ಕೆ ಆಲೂಗಡ್ಡೆಯ ಕಣಗಳು ಒಡೆದು ಪಿಷ್ಟವೆಲ್ಲ ಹೊರಗೆ ಬರುತ್ತದೆ. ಆಮೇಲೆ ಏನು ಮಾಡಿದರೂ ಸರಿಹೋಗುವುದಿಲ್ಲ.

ಇನ್ನು ಮೀನು. ಹುರಿದ ಮೀನೋ ಹಬೆಯಲ್ಲಿ ಬೇಯಿಸಿದ್ದೋ ಆದರೆ ಕೆಲಸ ಸಲೀಸು. ಸಾರಿನಲ್ಲಿ ಬೆಂದದ್ದಾದರೆ ಜರಡಿಯಲ್ಲಿ ಹತ್ತು ನಿಮಿಷ ಬಸಿಯಲು ಬಿಟ್ಟು, ಹಗುರವಾಗಿ ಒತ್ತಿ ತೆಗೆಯುತ್ತೇನೆ. ಚರ್ಮವನ್ನು ಬೇರ್ಪಡಿಸುತ್ತೇನೆ. ಮೀನನ್ನು ಫ್ರಿಜ್‌ನಿಂದ ತೆಗೆದ ತಣ್ಣಗಿನ ಸ್ಥಿತಿಯಲ್ಲೇ ಬಿಡಿಸಬೇಕು, ಆಗ ಎಸಳು ಎಸಳಾಗಿ ಕಳಚುತ್ತದೆ. ಬಿಸಿಮಾಡಿ ಬಿಡಿಸಿದರೆ ಹಿಟ್ಟಾಗುತ್ತದೆ. ಎಸಳುಗಳು ಹೆಬ್ಬೆರಳಿನ ಉಗುರಿನಷ್ಟಾದರೂ ಇರಲಿ. ಬಾಯಿಗೆ ಮೀನು ಸಿಕ್ಕದಿದ್ದರೆ ಅದು ಆಲೂಗಡ್ಡೆಯ ತಿಂಡಿ, ಅಷ್ಟೇ.

ಮುಳ್ಳಿನ ವಿಷಯದಲ್ಲಿ ನಾನು ಕಣ್ಣನ್ನು ನಂಬುವುದಿಲ್ಲ. ಮಗ ಚಿಕ್ಕವನಿದ್ದಾಗ ಒಮ್ಮೆ ಅವನ ಗಂಟಲಿಗೆ ಮುಳ್ಳು ಸಿಕ್ಕಿಕೊಂಡಿತ್ತು. ಕೆಮ್ಮಿದಾಗ ಹೊರಬಂತು, ಆದರೆ ಆಮೇಲೆ ಒಂದು ವರ್ಷ ಅವನು ಮೀನಿನ ತಟ್ಟೆಯನ್ನೇ ದೂರ ತಳ್ಳುತ್ತಿದ್ದ. ಅಂದಿನಿಂದ ಎರಡು ಸಲ ಶೋಧಿಸುತ್ತೇನೆ. ಮೊದಲು ಪ್ರತಿ ಎಸಳನ್ನೂ ಹೆಬ್ಬೆರಳು, ತೋರುಬೆರಳಿನ ನಡುವೆ ಹಗುರವಾಗಿ ಉಜ್ಜುತ್ತೇನೆ. ಕಣ್ಣಿಗೆ ಕಾಣದ ಕೂದಲೆಳೆಯಂತಹ ಮುಳ್ಳು ಬೆರಳಿಗೆ ಚುರ್ ಎಂದು ತಿಳಿಯುತ್ತದೆ. ಎರಡನೆಯ ಸಲ, ಬಿಡಿಸಿದ ಮೀನನ್ನು ಸ್ವಲ್ಪ ಸ್ವಲ್ಪವಾಗಿ ಒಂದು ಗೇಣು ಮೇಲಿನಿಂದ ಒಣಗಿದ ಸ್ಟೀಲ್ ತಟ್ಟೆಗೆ ಉದುರಿಸುತ್ತೇನೆ. ಮೀನು ಸದ್ದಿಲ್ಲದೆ ಬೀಳುತ್ತದೆ, ದಪ್ಪ ಮುಳ್ಳಾದರೆ ಟಿಣ್ ಎನ್ನುತ್ತದೆ. ಆಗ ಟಿವಿ ಆರಿಸಲು ಹೇಳುತ್ತೇನೆ. ಮನೆಯವರು ನಗುತ್ತಾರೆ, ನಗಲಿ.

ಅಳತೆ ಹೇಳುವುದಾದರೆ, ಬಿಡಿಸಿದ ಮೀನು 300 ಗ್ರಾಂ ಇದ್ದರೆ ಹಿಸುಕಿದ ಆಲೂಗಡ್ಡೆ 250 ಗ್ರಾಂ. ಮೊಟ್ಟೆ ಒಂದೇ ಒಂದು. ಬ್ರೆಡ್ ಪುಡಿ ಎರಡು ಮೂರು ದೊಡ್ಡ ಚಮಚ, ಅದೂ ಮಿಶ್ರಣ ಕೈಗೆ ಅಂಟುತ್ತಿದ್ದರೆ ಮಾತ್ರ. ಇಷ್ಟರಲ್ಲಿ ಎಂಟು ಪ್ಯಾಟಿಗಳಾಗುತ್ತವೆ. ಮೀನು ಕಡಿಮೆಯಿದ್ದರೆ ಆಲೂಗಡ್ಡೆ ಹೆಚ್ಚಿಸಬಹುದು, ಆದರೆ ಮೀನಿನ ಎರಡರಷ್ಟನ್ನು ಮೀರಿದರೆ ಹೆಸರು ಬದಲಾಯಿಸಿಬಿಡಿ. ಈರುಳ್ಳಿಯನ್ನು ಹಸಿಯಾಗಿ ಬೆರೆಸುವುದಿಲ್ಲ. ಉಪ್ಪು ತಾಗಿದರೆ ಅದೂ ನೀರು ಬಿಡುತ್ತದೆ, ಹಾಗಾಗಿ ಸಣ್ಣಗೆ ಹೆಚ್ಚಿ ಮೊದಲೇ ಬಾಡಿಸಿ ಆರಿಸುತ್ತೇನೆ. ಕಾಳುಮೆಣಸು, ಸಣ್ಣಗೆ ಹೆಚ್ಚಿದ ಸೊಪ್ಪು, ನಿಂಬೆಯ ಸಿಪ್ಪೆಯನ್ನು ತುರಿದ ಒಂದು ಚಿಟಿಕೆ, ನಿಂಬೆರಸ ಕೆಲವೇ ಹನಿ. ನಿಂಬೆ ಬರೀ ರುಚಿಗಲ್ಲ. ಹಳಸಲು ಮೀನುವಾಸನೆ ಕೊಡುವುದು ಅಮೈನ್ ಎಂಬ ವಸ್ತುಗಳು. ಹುಳಿ ಸೇರಿದೊಡನೆ ಅವು ಗಾಳಿಗೆ ಏಳದಂತೆ ಕಟ್ಟುಬೀಳುತ್ತವೆ. ಉಪ್ಪು ಹಾಕುವಾಗ ಮಾತ್ರ ಕೈ ಹಿಡಿಯಬೇಕು, ಉಳಿದ ಮೀನಿನಲ್ಲಿ ಆಗಲೇ ಉಪ್ಪಿರುತ್ತದೆ. ನಾಣ್ಯದಷ್ಟು ಮಿಶ್ರಣವನ್ನು ಹುರಿದು ತಿಂದು ನೋಡಿದ ಮೇಲೆಯೇ ನಾನು ಉಳಿದದ್ದನ್ನು ತಟ್ಟುವುದು. ಹಸಿ ಮೊಟ್ಟೆ ಬೆರೆತ ಮಿಶ್ರಣವನ್ನು ನಾಲಗೆಗೆ ಹಚ್ಚಿ ನೋಡುವ ಅಭ್ಯಾಸ ಒಳ್ಳೆಯದಲ್ಲ.

ಒಂದು ಮಾತಿಗೆ ಮಾತ್ರ ನನ್ನಲ್ಲಿ ರಿಯಾಯಿತಿ ಇಲ್ಲ. ಬೆಂದ ಮೀನು ಎರಡು ಗಂಟೆಯೊಳಗೆ ಫ್ರಿಜ್ ಸೇರಿರಬೇಕು, ಮೂರು ದಿನದೊಳಗೆ ಮುಗಿಯಬೇಕು. ಮೇಜಿನ ಮೇಲೆ ರಾತ್ರಿಯಿಡೀ ಉಳಿದದ್ದನ್ನು ಪ್ಯಾಟಿ ಮಾಡಿ ಕಾಪಾಡಲಾಗುವುದಿಲ್ಲ. ಬಂಗುಡೆ, ಬೂತಾಯಿ, ಟ್ಯೂನಾದಂತಹ ಮೀನು ಬೆಚ್ಚಗಿನ ಜಾಗದಲ್ಲಿ ಕುಳಿತರೆ ಅದರಲ್ಲಿ ಹಿಸ್ಟಮಿನ್ ಎಂಬ ಕೆಟ್ಟ ವಸ್ತು ಸೇರಿಕೊಳ್ಳುತ್ತದೆ. ಒಮ್ಮೆ ಸೇರಿದ್ದು ಎಷ್ಟು ಹುರಿದರೂ ಹೋಗುವುದಿಲ್ಲ. ಮುಖ ಕೆಂಪಾಗುವುದು, ತುರಿಕೆ, ತಲೆನೋವು ಎಲ್ಲ ಅದರಿಂದಲೇ.

ತಟ್ಟುವಾಗ ಕೈಗೆ ನೀರಿನ ಬದಲು ಎಣ್ಣೆ ಸವರಿಕೊಳ್ಳುತ್ತೇನೆ. ಎರಡು ಸೆಂಟಿಮೀಟರ್ ದಪ್ಪ, ಅಂಚಿನಲ್ಲಿ ಬಿರುಕಿಲ್ಲದಂತೆ ಬೆರಳಿನಿಂದ ಸುತ್ತ ಒತ್ತಬೇಕು. ಒಡೆಯುವುದು ಯಾವಾಗಲೂ ಆ ಬಿರುಕಿನಿಂದ. ಆಮೇಲೆ ಅರ್ಧ ಗಂಟೆ ಫ್ರಿಜ್‌ನಲ್ಲಿ. ಹಸಿದ ಮಕ್ಕಳ ಮುಂದೆ ಈ ಅರ್ಧ ಗಂಟೆ ಬಹಳ ಉದ್ದ. ಹಲವು ಸಲ ಬಿಟ್ಟು ನೋಡಿದ್ದೇನೆ, ಪ್ರತಿ ಸಲವೂ ಎಂಟರಲ್ಲಿ ಎರಡಾದರೂ ಕೈಕೊಟ್ಟಿವೆ. ತಣಿದ ಪಿಷ್ಟ ಗಟ್ಟಿಯಾಗುತ್ತದೆ; ಮೊಟ್ಟೆ ಬೆಂದು ಹಿಡಿದುಕೊಳ್ಳುವವರೆಗೆ ಆಕಾರವನ್ನು ಕಾಯುವುದು ಅದೇ. ತೀರಾ ಅವಸರವಿದ್ದ ದಿನ ಹತ್ತು ನಿಮಿಷ ಫ್ರೀಜರ್‌ನಲ್ಲಿಟ್ಟರೂ ನಡೆಯುತ್ತದೆ.

ಹುರಿಯುವುದಕ್ಕೆ ಮೂರು ನಾಲ್ಕು ಚಮಚ ಎಣ್ಣೆ ಸಾಕು. ಒಂದು ಚೂರು ಬ್ರೆಡ್ ಪುಡಿ ಹಾಕಿದರೆ ಕೂಡಲೇ ಸುತ್ತ ಗುಳ್ಳೆ ಏಳಬೇಕು, ಆಗ ಪ್ಯಾಟಿ ಬಿಡುವುದು. ಬಾಣಲೆಗೆ ನಾಲ್ಕಕ್ಕಿಂತ ಹೆಚ್ಚು ಬೇಡ. ಈಗ ಬರುತ್ತದೆ ನನಗೆ ಅತ್ಯಂತ ಕಷ್ಟವಾದ ಭಾಗ: ಮುಟ್ಟದೆ ಇರುವುದು. ಮೊದಲು ಚೊಯ್ ಎಂಬ ಸದ್ದು ಜೋರಾಗಿರುತ್ತದೆ, ಅದು ಒಳಗಿನ ತೇವ ಹೊರಬರುವ ಸದ್ದು. ಮೂರು ನಾಲ್ಕು ನಿಮಿಷದಲ್ಲಿ ಸದ್ದು ಸಣ್ಣಗಾಗಿ, ಚಟಪಟ ಎಂದು ಬಿಡಿಬಿಡಿಯಾಗುತ್ತದೆ. ಅಂಚಿನ ಸುತ್ತ ಕಂದು ಗೆರೆ ಕಾಣಿಸುತ್ತದೆ. ಆಗ ಬಾಣಲೆಯನ್ನು ತುಸು ಅಲುಗಿಸಿದರೆ ಪ್ಯಾಟಿ ತಾನಾಗಿ ಜಾರುತ್ತದೆ. ಜಾರದಿದ್ದರೆ ಇನ್ನೂ ಸಮಯವಾಗಿಲ್ಲ, ಸಟ್ಟುಗ ಕೆಳಗಿಡಿ. ಒಂದೇ ಸಲ ಮಗುಚಿ, ಇನ್ನೊಂದು ಬದಿಗೂ ಅಷ್ಟೇ ಹೊತ್ತು. ನಡುಭಾಗ ಹಬೆಯಾಡುವಷ್ಟು ಬಿಸಿಯಾಗಿರಬೇಕು, ಮೊದಲನೆಯದನ್ನು ಮುರಿದು ನೋಡುತ್ತೇನೆ. ಮುರಿದದ್ದು ನನ್ನ ಪಾಲು.

ಆಲೂಗಡ್ಡೆ ಮೊದಲೇ ಬೆಂದಿದ್ದರೆ ನನ್ನ ಕೈಗೆ ಬೀಳುವ ಕೆಲಸ ಅರ್ಧ ಗಂಟೆಯದ್ದು. ಆಲೂಗಡ್ಡೆಯೇ ಇಲ್ಲದ ದಿನ ಉಳಿದ ಅನ್ನವನ್ನು ಚೆನ್ನಾಗಿ ಕಿವುಚಿ ಬೆರೆಸಿದ್ದೇನೆ. ಹೊರಗೆ ಹೆಚ್ಚು ಗರಿಗರಿ, ಒಳಗೆ ಸ್ವಲ್ಪ ಭಾರ. ಹಾಲಿನಲ್ಲಿ ನೆನೆಸಿದ ಬ್ರೆಡ್ ನನಗೆ ಹಿಡಿಸಲಿಲ್ಲ.

ಮಗ ಈಗ ತಿನ್ನುತ್ತಾನೆ. ಮೊದಲ ದಿನ ಒಂದನ್ನು ನಾಲ್ಕಾಗಿ ಸೀಳಿ, ಒಳಗೆ ಬೆರಳಿಟ್ಟು ಹುಡುಕಿ, "ಮುಳ್ಳಿಲ್ಲ ಅಲ್ಲವೇ ಅಪ್ಪಾ?" ಎಂದು ಎರಡು ಸಲ ಕೇಳಿದ್ದ. ಕೊನೆಗೆ ಅವನನ್ನೇ ಕರೆದು ಸ್ಟೀಲ್ ತಟ್ಟೆಯ ಮುಂದೆ ಕೂರಿಸಿದೆ. ಈಗ ಉದುರಿಸುವುದು ನಾನು, ಕಿವಿಗೊಟ್ಟು ಕೇಳುವುದು ಅವನು. ನನಗಿಂತ ಅವನ ಕಿವಿ ಚುರುಕು.

ಮೀನು ಹೆಚ್ಚಿದ್ದರೆ ಹುರಿಯದ ಪ್ಯಾಟಿಗಳನ್ನು ತಟ್ಟೆಯಲ್ಲಿ ಹರಡಿ ಫ್ರೀಜರ್‌ನಲ್ಲಿ ಗಟ್ಟಿಮಾಡಿ, ನಡುವೆ ಕಾಗದವಿಟ್ಟು ಡಬ್ಬಿಗೆ ತುಂಬುತ್ತೇನೆ. ತಿಂಗಳೊಳಗೆ ಮುಗಿಸುತ್ತೇವೆ. ಹುರಿಯುವಾಗ ಕರಗಿಸಬಾರದು, ಕರಗಿಸಿದರೆ ಮತ್ತೆ ಅದೇ ನೀರಿನ ಕಥೆ. ನೇರ ಬಾಣಲೆಗೆ, ಉರಿ ಸಣ್ಣದಿರಲಿ, ಪ್ರತಿ ಬದಿಗೆ ಆರೇಳು ನಿಮಿಷ. ಡಬ್ಬಿಯ ಮೇಲೆ ತಾರೀಕು ಬರೆಯುವುದನ್ನು ನಾನು ಪ್ರತಿ ಸಲವೂ ಮರೆಯುತ್ತೇನೆ, ಹೆಂಡತಿ ಬರೆಯುತ್ತಾಳೆ.