ದೋಣಿಯ ಹಿಂಬದಿ ಹಲಗೆ ಮತ್ತು ಮೇ ತಿಂಗಳ ಬಿಸಿಲು

ನಮ್ಮ ದೋಣಿಗೆ 22 ಅಡಿ ಉದ್ದ. ಫೈಬರ್ ಮೈ, ಕಬ್ಬಿಣದ ಪೈಪುಗಳ ಮೇಲೆ ತಗಡಿನ ಮಾಡು, ಇಬ್ಬರು ಮಲಗುವಷ್ಟು ಹಲಗೆ, ಒಂದು ಸ್ಟೋವ್, ರೊಟ್ಟಿಯ ಡಬ್ಬಿ, ಶೇಂಗಾ ಹಿಂಡಿಯ ಸೀಸೆ. ನಾರಾಯಣಪುರ ಜಲಾಶಯದ ಹಿನ್ನೀರಿನಲ್ಲಿ ಬಲೆ ಬಿಟ್ಟ ಮೇಲೆ ರಾತ್ರಿಯೆಲ್ಲ ಕಾಯಬೇಕು. ಹೀಗಾಗಿ ವಾರಕ್ಕೆ ನಾಲ್ಕೈದು ರಾತ್ರಿ ನಾನೂ ನನ್ನ ತಮ್ಮನೂ ನೀರಿನ ಮೇಲೆಯೇ ಮಲಗುತ್ತೇವೆ. ಹುಣಸಗಿ ತಾಲ್ಲೂಕಿನಲ್ಲಿರುವ ಮನೆಗಿಂತ ಇದರ ಸೋರಿಕೆಯೇ ನನಗೆ ಹೆಚ್ಚು ಗೊತ್ತು.

ಎರಡು ವರ್ಷದಿಂದ ದೋಣಿಯ ಹಿಂಭಾಗ ತುಸು ತುಸುವೇ ತಗ್ಗುತ್ತಾ ಬಂದಿತ್ತು. ಹೊರಮೈ ಮೇಲೆ ಕೈ ಅಗಲದ ಒಂದು ಬಿರುಕಿತ್ತು. ಅದೇ ಕಾರಣ ಎಂದುಕೊಂಡು ಎರಡು ಸಲ ತೇಪೆ ಹಾಕಿದೆ. ಬಿರುಕು ಮುಚ್ಚಿತು, ದೋಣಿ ಮಾತ್ರ ಭಾರವಾಗುತ್ತಲೇ ಹೋಯಿತು. ಕೊನೆಗೆ ಎಂಜಿನ್ ಚಾಲೂ ಮಾಡಿದಾಗಲೆಲ್ಲ ಅದನ್ನು ಕೂರಿಸಿದ ಹಿಂಬದಿ ಗೋಡೆ ಏದುಸಿರು ಬಿಟ್ಟಂತೆ ಹಿಂದೆ ಮುಂದೆ ಆಡತೊಡಗಿತು. ಕಳೆದ ಬೇಸಿಗೆಯಲ್ಲಿ ನೀರು ಇಳಿದ ಮೇಲೆ, ಎಂಟು ಜನ ಸೇರಿ ಜಾಲಿಯ ದಿಮ್ಮಿಗಳ ಮೇಲೆ ಅದನ್ನು ದಂಡೆಗೆ ಉರುಳಿಸಿದೆವು.

ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಅರ್ಧ ದಿನ ಯೋಚಿಸಿದೆ. ಜಲಾಶಯ ತುಂಬಿದಾಗಿನ ಮಟ್ಟ ಸಮುದ್ರಮಟ್ಟದಿಂದ 492.25 ಮೀಟರ್. ಅಷ್ಟು ತುಂಬಿದಾಗ ನೀರು ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ಬಂಡೆಗಳ ಮೇಲಿನ ಬಿಳಿ ಗೆರೆಯೇ ಹೇಳುತ್ತದೆ. ಆ ಗೆರೆಗಿಂತ ಮೂರು ಅಡಿ ಕೆಳಗೆ ದೋಣಿ ನಿಲ್ಲಿಸಿದೆ. ಮಳೆಗಾಲದಲ್ಲಿ ಆಲಮಟ್ಟಿಯಿಂದ ಬರುವ ನೀರೇ ಅದನ್ನು ಎತ್ತಿಕೊಳ್ಳಲಿ, ಮತ್ತೆ ಎಂಟು ಜನರಿಗೆ ಊಟ ಹಾಕುವುದು ಬೇಡ ಎಂಬ ಲೆಕ್ಕ. ಆದರೆ ನೀರು ನಮ್ಮನ್ನು ಕೇಳಿ ಬರುವುದಿಲ್ಲ. ಕಾರಹುಣ್ಣಿಮೆಯೊಳಗೆ ಕೆಲಸ ಮುಗಿಯಲೇಬೇಕಿತ್ತು.

ಮೊದಲ ದಿನ ಸ್ಕ್ರೂಡ್ರೈವರಿನ ಹಿಡಿಯಿಂದ ಗೇಣು ಗೇಣಿಗೆ ತಟ್ಟುತ್ತಾ ಹೋದೆ. ಗಟ್ಟಿ ಇರುವಲ್ಲಿ ಠಣ್ ಎನ್ನುತ್ತದೆ, ಒಳಗೆ ಪದರು ಬಿಟ್ಟಿದ್ದರೆ ನೆನೆದ ಡೋಲಿನಂತೆ ದಪ್ ಎನ್ನುತ್ತದೆ. ನಾನು ಬೈಯುತ್ತಿದ್ದ ಬಿರುಕಿನ ಸುತ್ತ ಎಲ್ಲ ಠಣ್! ಹಿಂಬದಿ ಗೋಡೆಯ ಮುಕ್ಕಾಲು ಪಾಲು ದಪ್. ಎಂಜಿನ್ನಿನ ಬೋಲ್ಟ್ ಬಿಚ್ಚಿದಾಗ ಆ ತೂತಿನಿಂದ ಕರಿ ಕಷಾಯದಂಥ ನೀರು ತೊಟ್ಟಿಕ್ಕಿತು. ತೊಯ್ದ ಗೋಣಿಚೀಲದ ವಾಸನೆ. ಫೈಬರಿನ ಎರಡು ಪದರುಗಳ ನಡುವೆ ಇದ್ದ ಪ್ಲೈವುಡ್ ಬೆರಳಲ್ಲಿ ಕೆದರಿದರೆ ಬರುವಷ್ಟು ಕೊಳೆತಿತ್ತು. ಆ ನಾಲ್ಕು ತೂತು ಕೊರೆದವನು ನಾನೇ. ಕೊರೆದ ಮೇಲೆ ಒಳಗಿನ ಕಟ್ಟಿಗೆಗೆ ರೆಸಿನ್, ಅಂದರೆ ಹಚ್ಚಿದ ಮೇಲೆ ಗಟ್ಟಿಯಾಗುವ ಅಂಟುದ್ರವ, ಹಚ್ಚಿ ಮುಚ್ಚಬೇಕೆಂಬುದು ಆಗ ಹೊಳೆದಿರಲಿಲ್ಲ.

ಒಳಬದಿಯ ಪದರನ್ನು ಕೊಯ್ದು, ಕೊಳೆತದ್ದನ್ನೆಲ್ಲ ಉಳಿಯಿಂದ ಕೆತ್ತಿ ತೆಗೆದು ಒಣಗಲು ಬಿಟ್ಟೆ. ನಮ್ಮ ಕಡೆ ಮೇ ತಿಂಗಳ ಬಿಸಿಲು 42 ಡಿಗ್ರಿ ದಾಟುತ್ತದೆ, ಎರಡು ದಿನ ಸಾಕು ಎಂದ ತಮ್ಮ. ನಾನು ಸಂಜೆ ಒಂದು ತುಂಡು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಆ ಜಾಗಕ್ಕೆ ಸುತ್ತಲೂ ಟೇಪಿನಿಂದ ಅಂಟಿಸಿದೆ. ಬೆಳಿಗ್ಗೆ ಹಾಳೆಯ ಒಳಬದಿಗೆ ಬೆವರು ಕೂತಿತ್ತು. ಹಾಳೆ ಒಣಗಿ ಕಾಣಿಸಿದ್ದು ಹನ್ನೊಂದನೆಯ ಬೆಳಿಗ್ಗೆ.

ಅಷ್ಟರೊಳಗೆ ಪ್ಲೈವುಡ್ಡಿನ ಪುರಾಣವೂ ಆಯಿತು. ಅಂಗಡಿಯವರು 'ಪಕ್ಕಾ ವಾಟರ್‌ಪ್ರೂಫ್' ಎಂದು ಕೊಟ್ಟ ಹಲಗೆಯ ಮೇಲೆ ಐಎಸ್ 710 ಎಂಬ ಗುರುತು ಇರಲಿಲ್ಲ. ನೀರಿಗೆ ನಿಲ್ಲುವ ಮರೈನ್ ಪ್ಲೈವುಡ್ಡಿಗೆ ಆ ಗುರುತು ಬೇಕು. ಆ ದರ್ಜೆಯ ಹಲಗೆ 72 ಗಂಟೆ ಕುದಿಸಿದರೂ ಪದರು ಬಿಡಬಾರದು. ಹಿತ್ತಲಿನ ಒಲೆಯ ಮೇಲೆ ಹಳೆಯ ಪಾತ್ರೆಯಲ್ಲಿ ಒಂದು ತುಂಡು ಕುದಿಯಲು ಇಟ್ಟೆ. "ಇವತ್ತು ಹಲಗೆಯ ಸಾರೇನು?" ಎಂದಳು ಹೆಂಡತಿ. ಮೂರು ಗಂಟೆಯೊಳಗೆ ಆ ತುಂಡು ಚಿರೋಟಿಯಂತೆ ಪದರು ಪದರಾಗಿ ಬಿಚ್ಚಿಕೊಂಡಿತು. ಅದನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ ಹಲಗೆ ವಾಪಸ್ ಕೊಟ್ಟೆ. ಸರಿಯಾದ ಹಲಗೆ, ರೆಸಿನ್, ಗಾಜಿನೆಳೆಯ ಮ್ಯಾಟ್ ಎಲ್ಲವನ್ನೂ ಕಲಬುರಗಿಯಿಂದ ತರಿಸಿದೆ.

ಇನ್ನು ರೆಸಿನ್. ಅದು ಗಟ್ಟಿಯಾಗಲು ಹಾರ್ಡ್‌ನರ್ ಬೇಕು, ಒಂದು ಕಿಲೋಗೆ 10ರಿಂದ 20 ಗ್ರಾಂ. ಮೊದಲ ದಿನ ಹತ್ತು ಗಂಟೆಯ ಬಿಸಿಲಿನಲ್ಲಿ 20 ಗ್ರಾಂ ಹಾಕಿ ಮಗ್ಗಿನಲ್ಲಿ ಕಲಸಿದೆ. ಬ್ರಷ್ ಎರಡು ಸಲ ಆಡಿಸುವಷ್ಟರಲ್ಲಿ ಮಗ್ ಕೈ ಸುಟ್ಟಿತು, ಹೊಗೆಯಾಡಿತು, ಪ್ಲಾಸ್ಟಿಕ್ ಸೊಟ್ಟಗಾಯಿತು. ಒಂದು ಕಿಲೋ ರೆಸಿನ್ ಬ್ರಷ್ ಸಮೇತ ಕಲ್ಲಾಯಿತು. ಮರುದಿನದಿಂದ ನಸುಕಿನ ನಾಲ್ಕೂವರೆಗೆ ಶುರು, ಎಂಟಕ್ಕೆ ಬಂದ್. ಕಿಲೋಗೆ 10 ಗ್ರಾಂ, ಒಂದು ಸಲಕ್ಕೆ ಅರ್ಧ ಕಿಲೋ ಮಾತ್ರ, ಅದೂ ಅಗಲವಾದ ತಟ್ಟೆಯಲ್ಲಿ. ಆಳವಾದ ಪಾತ್ರೆಯಲ್ಲಿ ಶಾಖ ಹೊರಹೋಗದೆ ಬೇಗ ಕಾಯುತ್ತದೆ. ಮೇಲೆ ತಾಡಪತ್ರಿಯ ನೆರಳು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ರೆಸಿನ್ ಬೇಗ ಗಟ್ಟಿಯಾಗಲೆಂದು ಹಾಕುವ, ಕೋಬಾಲ್ಟ್ ಎಂದು ಕರೆಯುವ ನೇರಳೆ ಬಣ್ಣದ ಎಣ್ಣೆಯನ್ನೂ ಹಾರ್ಡ್‌ನರನ್ನೂ ಯಾವತ್ತೂ ನೇರವಾಗಿ ಬೆರೆಸಬೇಡಿ, ಬೆಂಕಿ ಹತ್ತಿ ಸಿಡಿಯಬಹುದು. ಕೋಬಾಲ್ಟನ್ನು ಮೊದಲು ರೆಸಿನ್ನಿನಲ್ಲಿ ಪೂರ್ತಿ ಕಲಸಿ, ಆಮೇಲೆ ಹಾರ್ಡ್‌ನರ್. ಹಾರ್ಡ್‌ನರಿನ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿ ಹೋಗಬಹುದು. ಕನ್ನಡಕ ಹಾಕುವುದಿಲ್ಲ ಎಂದು ತಮ್ಮ ಹಟ ಮಾಡಿದಾಗ ಅವನನ್ನು ಮನೆಗೆ ಕಳುಹಿಸಿದೆ. ಒಂದು ತಾಸಿನ ನಂತರ ಕನ್ನಡಕ ಹಾಕಿಕೊಂಡೇ ಬಂದ.

ಹಳೆಯ ಫೈಬರಿನ ಅಂಚನ್ನು ಗ್ರೈಂಡರಿನಿಂದ ಇಳಿಜಾರಾಗಿ ಉಜ್ಜಿದ್ದೆ. ಆರು ಮಿಲಿಮೀಟರ್ ದಪ್ಪಕ್ಕೆ ಏಳು ಸೆಂಟಿಮೀಟರ್ ಇಳಿಜಾರು. ಆ ದೂಳಿನ ತುರಿಕೆ ಮೂರು ದಿನ ಮೈಯಿಂದ ಹೋಗಲಿಲ್ಲ. ಹೊಸ ಹಲಗೆಯ ಎಲ್ಲ ಅಂಚುಗಳಿಗೂ ರೆಸಿನ್ ಕುಡಿಸಿ, ಕೂರಿಸಿ, ಮೇಲೆ ನಾಲ್ಕು ಪದರು ಮ್ಯಾಟ್ ಹಾಸಿದೆವು. ಬಿಳಿ ಮ್ಯಾಟ್ ರೆಸಿನ್ ಕುಡಿಯುತ್ತಾ ನೆನೆದ ಅವಲಕ್ಕಿಯಂತೆ ಮೆತ್ತಗಾಗಿ, ನೋಡನೋಡುತ್ತ ಕಾಣದಾಗುತ್ತದೆ. ಎಲ್ಲಾದರೂ ಬಿಳಿ ಉಳಿದರೆ ಅಲ್ಲಿ ಗಾಳಿ ಇದೆ ಎಂದರ್ಥ. ಅದನ್ನು ರೋಲರಿನಿಂದ ಅಂಚಿಗೆ ತಳ್ಳಬೇಕು.

ಬೋಲ್ಟಿನ ತೂತುಗಳ ಮೇಲೆ ಈ ಸಲ ನನಗೆ ಸೇಡಿತ್ತು. 10 ಮಿಲಿಮೀಟರ್ ಬೇಕಾದಲ್ಲಿ 16 ಕೊರೆದು, ರೆಸಿನ್ನಿಗೆ ಗಾಜಿನೆಳೆಯ ಚೂರು ಬೆರೆಸಿದ ಮುದ್ದೆ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ 10 ಕೊರೆದೆ. ಈಗ ಬೋಲ್ಟಿಗೆ ಕಟ್ಟಿಗೆ ತಾಗುವುದೇ ಇಲ್ಲ. ಎಂಜಿನ್ನಿನ ಗೇರ್ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು, ನೀರು ಸೇರಿದ ಗುರುತು. ಸೀಲ್ ಬದಲಿಸಿದೆ, ಮುಗಿಯಿತು. ಸ್ಟೋವಿನ ಕೆಳಗೆ ಒಂದು ತುಂಡು ಶಹಾಬಾದ್ ಫರಸಿ ಹಾಕಿದೆ, ಫೈಬರಿಗೆ ಬೆಂಕಿ ಹತ್ತಿದರೆ ಆರಿಸುವುದು ಕಷ್ಟ. ಕಲ್ಲಿನ ಭಾರ ಒಂದು ಬದಿಗೆ ಬೀಳದಂತೆ ದೋಣಿಯ ನಡುಮಧ್ಯೆ ಇಟ್ಟೆ.

ಕೊನೆಯ ಪದರಿಗೆ ಮೇಣ ಬೆರೆಸಿದ ರೆಸಿನ್ ಹಚ್ಚಬೇಕು, ಇಲ್ಲದಿದ್ದರೆ ಗಾಳಿ ತಾಗಿ ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದೆ. ಅದನ್ನು ಹಚ್ಚುವ ದಿನವೇ ಮೃಗಶಿರದ ಮೊದಲ ಮಳೆ ಸುರಿಯಿತು. ಐದು ದಿನ ಕೈಕಟ್ಟಿ ಕೂತು, ಮತ್ತೆ ಒರೆಸಿ, ಒಣಗಿಸಿ ಹಚ್ಚಿದೆ. ನೀರಿಗಿಳಿಸುವ ಮೊದಲು ದೋಣಿಯ ಒಳಗೇ ನಾಲ್ಕು ಬೆರಳು ನೀರು ಸುರಿದು, ಹೊರಗಿನಿಂದ ಬೂದಿ ಉದುರಿಸಿ ನೋಡಿದೆ. ಬೂದಿ ಎಲ್ಲಿಯೂ ಕಪ್ಪಾಗಲಿಲ್ಲ. ಇದಕ್ಕಿಂತ ಹೆಚ್ಚು ನೀರು ತುಂಬಬೇಡಿ, ದಿಮ್ಮಿಯ ಮೇಲೆ ಕೂತ ದೋಣಿಗೆ ಆ ಭಾರ ತಡೆಯುವುದಿಲ್ಲ.

ಜುಲೈನಲ್ಲಿ ಒಳಹರಿವು ಏರಿತು. ಎರಡು ಹಗ್ಗ ಕಟ್ಟಿ ಕಾದೆವು. ಮೂರನೆಯ ದಿನ ನಸುಕಿನಲ್ಲಿ ಕೆಳಗಿನ ದಿಮ್ಮಿಯೊಂದು ತಾನಾಗಿಯೇ ತೇಲಿ ಪಕ್ಕಕ್ಕೆ ಸರಿಯಿತು, ದೋಣಿ ಒಮ್ಮೆ ಮೈ ಅಲುಗಿಸಿ ಎದ್ದು ನಿಂತಿತು. ಅಂದು ರಾತ್ರಿ ದಂಡೆಯ ಪಕ್ಕದಲ್ಲೇ ಲಂಗರು ಹಾಕಿ, ಹಿಂಬದಿ ಹಲಗೆಯ ಬುಡದಲ್ಲಿ ಹಳೆಯ ದಿನಪತ್ರಿಕೆಯ ಹಾಳೆ ಹಾಸಿ ಮಲಗಿದೆ. ಬೆಳಿಗ್ಗೆ ಅದರ ಒಂದು ಮೂಲೆ ಒದ್ದೆಯಾಗಿತ್ತು. ಎದೆ ಧಸಕ್ಕೆಂದಿತು. ಬ್ಯಾಟರಿ ಹಿಡಿದು ತಮ್ಮ ಮೇಲೆ ನೋಡಿದ: ಲಂಗರಿನ ಒದ್ದೆ ಹಗ್ಗದ ತುದಿ ಮಾಡಿನಿಂದ ಜೋತುಬಿದ್ದು ಹನಿಯುತ್ತಿತ್ತು. ಹಗ್ಗವನ್ನು ಹೊರಗೆ ಸರಿಸಿ, ಹೊಸ ಹಾಳೆ ಹಾಸಿ, ಚಹಾಕ್ಕೆ ನೀರಿಟ್ಟೆವು.